ಚನ್ನೇಶನ ಕಾಲ್ಗುಣ

ಅವತ್ತು ಬೆಳಿಗ್ಗೆ ಚನ್ನೇಶ ತನ್ನ ಪಾಲಿನ ಚಹಾ ಕುಡಿದು ಸುಮ್ಮನೆ ಎದ್ದುಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ಒಂದು ಮಾತು ಆಡಿದ.

ಹಾನಗಲ್ಲಿನ ಆ ಕಾಲೇಜಿನ ಬಾಸ್ಕೆಟ್‌ಬಾಲ್ ಮೈದಾನದ ಪಕ್ಕ ಒಂದು ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಊರಿನ ಎಂಟು ಮಂದಿ ಕೂತು ವರ್ಷಾನುಗಟ್ಟಲೆ ಕಾಲೇಜಿನ ತಂಡ ಸೋಲುವುದನ್ನು ನೋಡುತ್ತ ಬಂದಿದ್ದರು. ಈ ವರ್ಷ ಹತ್ತೊಂಬತ್ತು ಪಂದ್ಯ ಆಡಿ ಹತ್ತೊಂಬತ್ತೂ ಸೋತಾಗಿತ್ತು. ಹುಡುಗರು ಎಸೆದ ಚೆಂಡು ಮುನಿಸಿಕೊಂಡ ಅಳಿಯನ ಹಾಗೆ ಹೊಸ್ತಿಲತನಕ ಬಂದು, ಬುಟ್ಟಿಯ ಅಂಚಿಗೆ ಒಂದು ಸುತ್ತು ಹಾಕಿ, ಒಳಗೆ ಬಾರದೆ ಹೊರಟುಬಿಡುತ್ತಿತ್ತು. ಕಟ್ಟೆಯವರು ಮೊದಮೊದಲು ಬೈಯುತ್ತಿದ್ದರು. ಆಮೇಲೆ ಬೈಯುವುದನ್ನೂ ಬಿಟ್ಟು, ಮಣ್ಣು ಕೊಡಲು ಬಂದವರ ಹಾಗೆ ತಲೆ ತಗ್ಗಿಸಿ ಕೂತು ಎದ್ದುಹೋಗುತ್ತಿದ್ದರು.

ಚನ್ನೇಶನದು ಕಾಲೇಜಿನ ಎದುರು ಗಡಿಯಾರ ರಿಪೇರಿಯ ಡಬ್ಬಿ ಅಂಗಡಿ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ವೇಳೆ ಕೇಳಲಿಕ್ಕೆ ಕೂಡ ಅವನ ಅಂಗಡಿಗೆ ಯಾರೂ ಬರುತ್ತಿರಲಿಲ್ಲ. ಅವನಿಗೆ ಉಳಿದದ್ದು ಕಟ್ಟೆ. ಬೊಡ್ಡೆಯಿಂದ ಮೂರನೆಯ ಜಾಗ ಅವನದು. ಇಡೀ ಊರಿನಲ್ಲಿ ಅವನನ್ನು ಕಂಡು ಯಾರಾದರೂ ಸ್ವಲ್ಪ ಸರಿದು "ಬಾ, ಕುಂದ್ರು" ಅನ್ನುವ ಠಾವು ಅದೊಂದೇ.

ಅಲ್ಲಿ ಕೂತೇ ಅವನು ಆ ಮಾತು ಆಡಿದ್ದು.

"ಅರ್ಧಾ ಗ್ರೌಂಡಿನ್ಯಾಗ ಹುಡುಗ್ರು ಆಡಾಕತ್ತಾವ, ಇನ್ನರ್ಧದಾಗ ಗೋವಿನಜ್ವಾಳ ಒಣಗಾಕತ್ತೈತಿ. ಒಂದ ಬುಟ್ಟಿಗೆ ಚೆಂಡ ಒಗದು ಕಲತಾವ. ಕಾಲಾಗ ಕಾಳು ಬ್ಯಾರೆ. ಹೆಂಗ ಗೆಲ್ತಾವ?"

ಅವನು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೆ ಜೋಳ ಅಜ್ಜಪ್ಪನದು. ತಿಳವಳ್ಳಿ ದಾರಿಯಲ್ಲಿ ಹನ್ನೆರಡು ಎಕರೆ ಹೊಲ, ಒಣಗಿಸಲಿಕ್ಕೆ ಕಾಲೇಜಿನ ಸಿಮೆಂಟು ನೆಲ. ಕಟ್ಟೆಯ ಮೇಲೆ ಬೊಡ್ಡೆಗೆ ಒರಗಿ ಕೂರುವ ಹಿರಿಯನೂ ಅವನೇ. ಅವನು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ.

"ಚನ್ನೇಶ, ನೀ ಈ ಕಟ್ಟಿಗೆ ಬರಾಕತ್ತು ಎಷ್ಟ ವರ್ಷಾತು?" ಎಂದ ಅಜ್ಜಪ್ಪ.

"ಒಂಬತ್ತ ವರ್ಷಾತ್ರಿ."

"ನಮ್ಮ ಕಾಲೇಜು ಕಡೀಕ ಕಪ್ಪು ಗೆದ್ದು?"

ಚನ್ನೇಶ ಬೆರಳು ಮಡಚಿದ. "ಹತ್ತ ಆತೇನ್ರಿ."

"ಹಾಂ" ಎಂದ ಅಜ್ಜಪ್ಪ. ಅಷ್ಟೇ ಅಂದದ್ದು. ಉಳಿದದ್ದನ್ನು ಕಟ್ಟೆಯೇ ಮಾಡಿತು.

ಟೆಂಪೊ ಇಟ್ಟಿದ್ದ ಮುಸ್ತಾಕ ಮೊದಲು ಬಾಯಿ ತೆರೆದ. "ಖರೇ ಐತ್ರಿ. ಹೋದ ವರ್ಷ ಇಂವಗ ಜ್ವರಾ ಬಂದು ಮಲಗಿದ್ನಲ್ರಿ, ಅವತ್ತ ನಾವು ಬರೇ ನಾಕ ಪಾಯಿಂಟಿನ್ಯಾಗ ಸೋತ್ವಿ. ಇಂವ ಬಂದಿದ್ರ ನಲವತ್ತ ಆಗ್ತಿತ್ತು."

"ಇಂವ ಎಡಕ್ಕ ಹೊಳ್ಳಿದ್ರ ಚೆಂಡ ಬಲಕ್ಕ ಹೋಗತೈತಿ. ನಾನೂ ನೋಡೇನಿ" ಎಂದ ಇನ್ನೊಬ್ಬ.

"ಕಾಲ್ಗುಣ" ಎಂದ ಮತ್ತೊಬ್ಬ.

ಆ ಶಬ್ದ ಬಿದ್ದದ್ದೇ ತಡ, ಕಟ್ಟೆಯ ಮೇಲೆ ಎಲ್ಲರ ಮುಖಕ್ಕೂ ಒಂದು ಸಮಾಧಾನ ಬಂತು. ಒಂಬತ್ತು ವರ್ಷ ಬೇನೆಯ ಹೆಸರು ಗೊತ್ತಿಲ್ಲದೆ ನರಳಿದವರಿಗೆ ಡಾಕ್ಟರು ಹೆಸರು ಹೇಳಿದಂತಾಯಿತು. ಚನ್ನೇಶನ ಎಡಗಡೆಯವನು ಒಂದು ಗೇಣು ಆಚೆ ಸರಿದ. ಬಲಗಡೆಯವನು ಎರಡು ಗೇಣು ಸರಿದ.

ಅವತ್ತೇ ಮಧ್ಯಾಹ್ನ ಸವಣೂರಿನಲ್ಲಿ ಪಂದ್ಯವಿತ್ತು. ಇದನ್ನೂ ಸೋತರೆ ತಂಡವನ್ನೇ ಮುಚ್ಚುವುದಾಗಿ ಪ್ರಿನ್ಸಿಪಾಲರು ನೋಟಿಸು ಹಚ್ಚಿದ್ದರು.

"ಹಂಗಾರ ಇವತ್ತ ನಾ ಬರಂಗಿಲ್ರಿ, ಮನ್ಯಾಗ ಇರ್ತೇನಿ" ಎಂದ ಚನ್ನೇಶ.

ಅಜ್ಜಪ್ಪ ಅವನ ಕಡೆ ಹೊರಳಿದ. "ಅಂಥಾ ಕಾಲ್ಗುಣ ಮನ್ಯಾಗ ಯಾಕ ಕೆಡಸ್ತಿ? ಹೋಗಿ ಸವಣೂರವ್ರ ಕಡೆ ಕುಂದ್ರು. ಅವ್ರನ್ನ ಸೋಲ್ಸು."

"ನಾ ಅವ್ರ ಕಡೆ ಹೆಂಗ ಕುಂದ್ರಲ್ರಿ?"

"ಕುಂಡಿ ಊರಿ ಕುಂದ್ರು. ಗೆದ್ವಿ ಅಂದ್ರ ನಿನ್ನ ಜಾಗಾ ನಿನಗ. ಸೋತ್ವಿ ಅಂದ್ರ ಇನ್ನ ಕಟ್ಟಿ ಹತ್ತಬ್ಯಾಡ."

ಆಮೇಲೆ ಸವಣೂರಿನ ಗೇಟನ್ನು ಚನ್ನೇಶ ಯಾವ ಕಾಲು ಮುಂದಿಟ್ಟು ದಾಟಬೇಕು ಎಂಬ ಬಗ್ಗೆ ಅರ್ಧ ತಾಸು ಚರ್ಚೆಯಾಯಿತು. ಕೆಟ್ಟದ್ದು ಆಗಬೇಕಾದರೆ ಎಡಗಾಲು ಎಂದು ಮುಸ್ತಾಕ ಹೇಳಿದ. ಅಜ್ಜಪ್ಪ ಒಪ್ಪಲಿಲ್ಲ. "ನಮ್ಮ ಕಡೆ ಇಷ್ಟ ದಿನ ಬಲಗಾಲ ಇಟ್ಟ ಬಂದಾನ. ಅದರಾಗ ಹತ್ತೊಂಬತ್ತ ಸೋತೇವಿ. ನಡೀತಿರೂದನ್ನ ಯಾಕ ಬದಲಿ ಮಾಡೂದು. ಬಲಗಾಲ ಇಡಲಿ." ಚನ್ನೇಶನ ಕಾಲುಗಳ ಬಗ್ಗೆ ಚನ್ನೇಶನನ್ನು ಯಾರೂ ಕೇಳಲಿಲ್ಲ.

ಮುಸ್ತಾಕನ ಟೆಂಪೊದಲ್ಲಿ ಅವನಿಗೆ ಜಾಗ ಕೊಡಲಿಲ್ಲ. ಕಾಲ್ಗುಣದವನು ಜೊತೆಗೆ ಕೂತರೆ ಟೈರು ಉಳಿದೀತೇ. ಅವನು ಊಟಕ್ಕೆ ಮನೆಗೆ ಹೋಗಿ ಹೆಂಡತಿ ಶಾರವ್ವನಿಗೆ ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಂಗಡಿ ವ್ಯಾಪಾರ ನಿಂತಾಗ ಇದ ಮಾತು ನೀವು ನನಗ ಅಂದಿದ್ರಿ. ಇಪ್ಪತ್ತ ವರ್ಷ ಹೊತ್ತೇನಿ. ಇವತ್ತ ಒಂದಿನ ನೀವು ಹೊರ್ರಿ" ಎಂದಳು.

ಚನ್ನೇಶ ಅರ್ಧ ರೊಟ್ಟಿಗೇ ಕೈ ತೊಳೆದ.

ಶಿಗ್ಗಾಂವಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡು ಹೋದ. ಶಿಗ್ಗಾಂವಿ ಸ್ಟ್ಯಾಂಡಿಗೆ ಇಳಿದಾಗ ಸವಣೂರಿನ ಬಸ್ಸು ಹೊರಳಿ ಬೆನ್ನು ತೋರಿಸುತ್ತಿತ್ತು. ಮುಂದಿನದು ಮುಕ್ಕಾಲು ತಾಸಿನ ಮೇಲೆ ಬಂತು, ದಾರಿಯಲ್ಲಿ ಕೈ ಮಾಡಿದವರ ಮುಂದೆಲ್ಲ ನಿಂತಿತು. ಚನ್ನೇಶ ಮೈದಾನದ ಗೇಟಿಗೆ ಓಡಿ ಬರುವಾಗ ಒಳಗೆ ಸೀಟಿ ಊದಿಯಾಗಿತ್ತು. ಬಲಗಾಲು, ಬಲಗಾಲು ಎಂದುಕೊಳ್ಳುತ್ತ ಬಲಗಾಲನ್ನೇ ಎತ್ತಿದ. ಅದು ಗೇಟಿನ ಕೆಳಗಿನ ಪೈಪಿಗೆ ಸಿಕ್ಕಿತು. ಅವನು ಎರಡೂ ಕೈ ಮುಂದೆ ಮಾಡಿ, ಹೊಟ್ಟೆಯ ಮೇಲೆ ಸವಣೂರನ್ನು ಪ್ರವೇಶಿಸಿದ. ಕಾಲುಗಳೆರಡೂ ಹೊರಗೇ ಉಳಿದಿದ್ದವು. ಇಂಥ ಪ್ರವೇಶಕ್ಕೆ ಗುಣ ಹತ್ತುವುದೋ ಇಲ್ಲವೋ ಎಂದು ಕಟ್ಟೆಯ ಮೇಲೆ ಯಾರೂ ಚರ್ಚೆ ಮಾಡಿರಲಿಲ್ಲ.

"ಬಿದ್ಯೇನಪಾ? ಬಾ ಇಲ್ಲಿ, ನೆಳ್ಳಿಗೆ ಕುಂದ್ರು."

ಸವಣೂರವರ ಕಡೆ, ಗೋಡೆಯ ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಮುದುಕಿ ಕರೆದಳು. ಅವಳ ಹೆಸರು ಮಾಬೂಬಿ ಎಂದು ಆಮೇಲೆ ತಿಳಿಯಿತು. ಸ್ವಲ್ಪ ಸರಿದು ಜಾಗ ಮಾಡಿದಳು. ಅಂಗೈ ತರಚಿದ್ದಕ್ಕೆ ಬಾಟಲಿಯ ನೀರು ಹಾಕಿದಳು.

"ಯಾವೂರು?"

"ಹಿರೇಕೆರೂರ ಕಡೆ ಆತ್ರಿ" ಎಂದು ಚನ್ನೇಶ ಸುಳ್ಳು ಹೇಳಿದ. "ಹಾದ್ಯಾಗ ಹೊಂಟಿದ್ದೆ, ಆಟ ಕಂಡ್ತು, ಬಂದೆ."

"ಚೊಲೊ ಮಾಡಿದಿ. ಏಳ ನಂಬರ ಅಂಗಿ ಹಾಕ್ಯಾನಲ್ಲ, ನನ್ನ ಮೊಮ್ಮಗ, ಇಜಾಜ. ನಮ್ಮವೂ ಮೂರ ವರ್ಷಾತು, ಸೋತು ಸೋತು ಸಾಕಾಗೇತಿ. ಇಕಾ, ಖಾರಾ ತಿನ್ನು."

ಅವಳು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಖಾರಾ ಸೇವು ಅವನ ಕೈಗೆ ಹಾಕಿದಳು. ಚನ್ನೇಶ ತಿಂದ. ಹಾಳು ಮಾಡಲು ಬಂದವನಿಗೆ ಉಣ್ಣಲು ಹಾಕಿದರೆ ಅದು ಗಂಟಲಲ್ಲಿ ಇಳಿಯುವ ರೀತಿಯೇ ಬೇರೆ. ಅವನಿಗೆ ಬಿಕ್ಕಳಿಕೆ ಹತ್ತಿತು.

ಎದುರುಗಡೆ ಹಾನಗಲ್ಲಿನವರು ಜಮಖಾನ ಹಾಸಿ ಕೂತಿದ್ದರು. ರೂಢಿಯೆಂಬುದು ದೊಡ್ಡದು, ಅಜ್ಜಪ್ಪನಿಂದ ಮೂರನೆಯ ಜಾಗವನ್ನು ಯಾರೂ ಹೇಳದೆ ಖಾಲಿ ಬಿಟ್ಟಿದ್ದರು. ಅದನ್ನು ಕಂಡು ಚನ್ನೇಶನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಎಲೆಯಡಿಕೆ ಜಗಿಯುತ್ತ ಒಬ್ಬ ಸಣಕಲು ಮನುಷ್ಯ ಅಲ್ಲಿಗೆ ಬಂದು, ಏನೋ ಕೇಳಿ, ಆ ಜಾಗದಲ್ಲಿ ಕೂತುಬಿಟ್ಟ.

ಆಟ ನಡೆಯಿತು. ಅದನ್ನು ಆಟ ಅನ್ನುವುದು ಕಷ್ಟ. ಹತ್ತು ಹುಡುಗರು ಒಂದು ಚೆಂಡನ್ನು ಯಾರಿಗೂ ಬೇಡವಾದ ಸಂಬಂಧಿಕನ ಹಾಗೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಹಾನಗಲ್ಲು ಒಂದು ಬುಟ್ಟಿ ಹಾಕಿದಾಗ ಚನ್ನೇಶನ ಕೈ ತಾನೇ ಮೇಲೆದ್ದು ಚಪ್ಪಾಳೆಯಾಯಿತು.

ಮಾಬೂಬಿ ತಿರುಗಿ ನೋಡಿದಳು.

"ಗುಂಗಾಡ್ರಿ" ಎಂದ ಚನ್ನೇಶ, ಸೊಳ್ಳೆ ಹೊಡೆದವನ ಹಾಗೆ ಖಾಲಿ ಅಂಗೈ ಒರೆಸಿಕೊಳ್ಳುತ್ತ.

ಅನುಮಾನ ಬಾರದಿರಲೆಂದು ಸವಣೂರಿನ ಪ್ರತಿ ಬುಟ್ಟಿಗೂ ಜೋರಾಗಿ ಚಪ್ಪಾಳೆ ಹೊಡೆದ. ಸವಣೂರು ಅವತ್ತು ಯಾಕೋ ತಕ್ಕಮಟ್ಟಿಗೆ ಚೆನ್ನಾಗಿಯೇ ಆಡುತ್ತಿತ್ತು. ಹೊಡೆಯುತ್ತ ಹೋದಂತೆ ಅವನಿಗೆ ಒಂದು ವಿಷಯ ತಿಳಿದು ನಾಚಿಕೆಯಾಯಿತು: ಒಂಬತ್ತು ವರ್ಷದಲ್ಲಿ ಅವನ ಅಂಗೈಗೆ ಇಷ್ಟು ಕೆಲಸ ಸಿಕ್ಕಿರಲಿಲ್ಲ, ಮತ್ತು ಅದು ಹಿತವಾಗಿತ್ತು.

ಕೊನೆಯ ಅರ್ಧ ನಿಮಿಷ. ಸವಣೂರು ಇಪ್ಪತ್ಮೂರು, ಹಾನಗಲ್ಲು ಇಪ್ಪತ್ತೆರಡು. ಚನ್ನೇಶ ಕೈಗಡಿಯಾರ ನೋಡಿಕೊಂಡ. ಆ ಮುಳ್ಳಿನ ಮೇಲೆ ಅವನ ಜಾಗ ಕೂತಿತ್ತು. ಹಾನಗಲ್ಲಿನ ಹುಡುಗನೊಬ್ಬ ಎಲ್ಲಿಂದಲೋ ಎಸೆದ. ಚೆಂಡು ಎಂದಿನಂತೆ ಬುಟ್ಟಿಯ ಅಂಚಿಗೆ ಬಡಿದು ಹೊರಟಿತು. ಅದನ್ನು ಹಿಡಿಯಲು ಏಳನೆಯ ನಂಬರಿನ ಇಜಾಜ ಹಾರಿದ, ಅವನಷ್ಟು ಎತ್ತರಕ್ಕೆ ಅವತ್ತು ಯಾರೂ ಹಾರಿರಲಿಲ್ಲ, ಅವನ ಬೆರಳಿಗೆ ತಗುಲಿದ ಚೆಂಡು ತಿರುಗಿ ತನ್ನದೇ ಬುಟ್ಟಿಯೊಳಗೆ ಬಿತ್ತು.

ಎರಡು ಪಾಯಿಂಟು ಹಾನಗಲ್ಲಿಗೆ. ಸೀಟಿ ಊದಿತು.

ಎದುರಿನ ಜಮಖಾನದಿಂದ ಎದ್ದ ಕೂಗು ಒಂಬತ್ತು ವರ್ಷ ಹಳೆಯದಾಗಿತ್ತು. ಚನ್ನೇಶ ಕೂಗಲಿಲ್ಲ. ಇಜಾಜ ಬುಟ್ಟಿಯ ಕೆಳಗೆ ಮುಖ ಮುಚ್ಚಿ ಕೂತಿದ್ದ. ಮಾಬೂಬಿಯ ಕೈ ಸೆರಗಿನ ಗಂಟಿನ ಮೇಲೆಯೇ ನಿಂತಿತ್ತು.

"ನನ್ನಿಂದ ಆತ್ರಿ, ಅವ್ವಾರ" ಎಂಬ ಮಾತು ಚನ್ನೇಶನ ತುಟಿಗೆ ಬಂದಿತ್ತು.

"ಹುಡುಗನ ತಪ್ಪಲ್ಲ" ಎಂದಳು ಅವಳೇ. "ನಮ್ಮ ನಿಯಾಜಂದು. ಎಲಿ ಮಾರ್ತಾನ, ಪಾಪದಾಂವ, ಆದ್ರ ಅಂವ ಕುಂತ ಕಡೆ ಸೋಲ ಐತಿ. ಮೂರ ವರ್ಷಾತು, ಅವನ್ನ ನಮ್ಮವರು ಗೇಟಿನ ಒಳಗ ಬಿಟ್ಟಿಲ್ಲ. ಇವತ್ತ ಹಾನಗಲ್ಲವ್ರ ಕಡೆ ಹೋಗಿ ಕುಂದ್ರು, ಅವ್ರನ್ನ ಸೋಲ್ಸು ಅಂತ ಕಳಿಸಿದ್ವಿ. ಅಂವ ನೋಡಿದ್ರ ಗೆಲ್ಲಿಸಿ ಕುಂತಾನ. ಅವನ ಕಾಲ್ಗುಣ ಸೈತ ನೆಚ್ಚಂಗಿಲ್ಲ."

ಅವಳು ಮೊಮ್ಮಗನನ್ನು ಎಬ್ಬಿಸಲು ಹೋದ ಮೇಲೆ ಚನ್ನೇಶ ಎದ್ದು ಮೈದಾನ ದಾಟಿದ. ಮಾತಿನ ಪ್ರಕಾರ ಅವನ ಜಾಗ ಅವನದಾಗಿತ್ತು.

ಜಮಖಾನದ ನಡುವೆ ಆ ಸಣಕಲು ಮನುಷ್ಯ ನಿಂತಿದ್ದ. ಅಜ್ಜಪ್ಪನ ಜರಿ ಅಂಚಿನ ವಲ್ಲಿ ಅವನ ಹೆಗಲ ಮೇಲಿತ್ತು. ಮುಸ್ತಾಕ ಅವನಿಗೆ ಚಹಾ ಹಿಡಿದುಕೊಂಡಿದ್ದ.

"ಚನ್ನೇಶ, ಇವ್ರನ್ನ ನೋಡು, ನಿಯಾಜ ಅಂತ" ಎಂದ ಅಜ್ಜಪ್ಪ. "ಬಂದು ಕುಂತ್ರು, ಆಟ ಹೊಳ್ಳಿತು. ಕಾಲ್ಗುಣ ಅಂದ್ರ ಇದು."

"ನಾನೂ ಅಲ್ಲಿ ಕುಂತಿದ್ನಲ್ರಿ."

"ಕುಂತಿದ್ದಿ. ನೀ ಕುಂತ್ರೂ ಅವ್ರು ಇಪ್ಪತ್ಮೂರ ಹೊಡದ್ರು. ನೀ ಚಪ್ಪಾಳಿ ಹೊಡ್ಯೂದನ್ನ ಎಣಿಸೇನಿ ನಾ. ಇಲ್ಲಿ ಒಂಬತ್ತ ವರ್ಷದಾಗ ಅಷ್ಟ ಹೊಡದಿಲ್ಲ ನೀ."

"ಕಟ್ಟಿ ಮ್ಯಾಲಿನ ಜಾಗಾ..."

"ಅದು ಇನ್ನ ನಿಯಾಜಂದು. ವಾರಕ್ಕೆರಡ ಸಲ ಎಲಿ ಮಾರಾಕ ಹಾನಗಲ್ಲಿಗೆ ಬರ್ತಾರಂತ. ಮ್ಯಾಚ ಇದ್ದಾಗ ಮುಸ್ತಾಕ ಕರಕೊಂಡ ಬರ್ತಾನ." ಅಜ್ಜಪ್ಪ ಮುಸ್ತಾಕನ ಕಡೆ ಹೊರಳಿದ. "ಹುಡುಗ್ರಿಗೆ ಇನ್ನ ಪ್ರ್ಯಾಕ್ಟೀಸ್ ಯಾಕ ಬೇಕು? ನಾಳೆ ಉಳದ ಅರ್ಧಕ್ಕೂ ಜ್ವಾಳ ಹರವಿಬಿಡೂಣು."

ಚನ್ನೇಶ ಬಾಯಿ ತೆರೆದ. ಒಂದು ಮಾತು ಸಾಕಿತ್ತು. ಇವನು ನಿಮ್ಮನ್ನು ಸೋಲಿಸಲು ಬಂದ ಸವಣೂರಿನ ಚನ್ನೇಶ ಎಂದರೆ ಮುಗಿಯಿತು.

ನಿಯಾಜ ಅವನನ್ನೇ ನೋಡುತ್ತಿದ್ದ. ಈ ಮನುಷ್ಯ ಎಲ್ಲಿ ಕೂತಿದ್ದ, ಏನು ಕೇಳಿಕೊಂಡು ಬಂದಿದ್ದಾನೆ ಎಂಬುದು ಅವನಿಗೆ ತಿಳಿದಿತ್ತು. ಮುಸ್ತಾಕ ಕೊಟ್ಟ ಚಹಾದ ಕಪ್ಪು ಅವನ ಒಂದು ಕೈಯಲ್ಲಿ ಹಾಗೇ ಇತ್ತು. ವಲ್ಲಿಯ ತುದಿಯನ್ನು ಅವನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ, ಯಾರೋ ಈಗಲೇ ಕಸಿದುಕೊಳ್ಳುತ್ತಾರೆ ಅನ್ನುವ ಹಾಗೆ.

ಚನ್ನೇಶ ಬೆಳಿಗ್ಗೆ ಮುಚ್ಚಬೇಕಾಗಿದ್ದ ಬಾಯಿಯನ್ನು ಈಗ ಮುಚ್ಚಿದ.

"ಚಹಾ ಆರತೈತಿ, ಕುಡೀರಿ" ಎಂದಷ್ಟೇ ಹೇಳಿದ.

ಟೆಂಪೊ ಹೊರಟಿತು. ಕಟ್ಟೆ ತೋರಿಸಿಕೊಂಡು ಬರಲೆಂದು ನಿಯಾಜನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಚನ್ನೇಶ ಸವಣೂರಿನ ಬಸ್ ಸ್ಟ್ಯಾಂಡಿಗೆ ನಡೆದುಹೋಗಿ ಬೆಂಚಿನ ತುದಿಗೆ ಕೂತ. ಬಸ್ಸಿನ ಸುಳಿವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಾಬೂಬಿ ಮೊಮ್ಮಗನ ಕೈ ಹಿಡಿದುಕೊಂಡು ಆ ದಾರಿಯಲ್ಲಿ ಬಂದಳು. ಚನ್ನೇಶನನ್ನು ಕಂಡು ನಿಂತಳು. ಉಳಿದ ಖಾರವನ್ನು ಕಾಗದದಲ್ಲಿ ಸುತ್ತಿ ಅವನಿಗೆ ಕೊಟ್ಟಳು.

"ಹಾದ್ಯಾಗ ತಿನ್ನಪಾ. ನಮ್ಮವರು ಮಾತಾಡಾಕತ್ತಿದ್ರು, ನೀ ಬಂದು ಕುಂತಿ, ನಮ್ಮ ಹುಡುಗ್ರು ಇಪ್ಪತ್ಮೂರ ಹೊಡದ್ವು. ಯಾವತ್ತೂ ಹದಿನೈದ ದಾಟಿಲ್ಲ ಅವು. ನಿನ್ನ ಕಾಲ್ಗುಣ ಚೊಲೊ ಐತಿ."

ಚನ್ನೇಶ ತನ್ನ ಕಾಲುಗಳನ್ನು ನೋಡಿಕೊಂಡ. ಬಲಗಾಲಿನ ಹೆಬ್ಬೆರಳು ಗೇಟಿನ ಪೈಪಿಗೆ ಬಡಿದು ಊದಿತ್ತು.

"ಮುಂದಿನ ತಿಂಗಳ ಹಾನಗಲ್ಲಾಗ ಮ್ಯಾಚ ಐತಿ. ಇಲ್ಲಾ ಅನಬ್ಯಾಡ, ಬಂದು ನಮ್ಮ ಕಡೆ ಕುಂದ್ರು. ಕಟ್ಟಿ ಎದುರಿಗೆ ಬಿಸಲಾಗ ನಮಗ ಜಾಗಾ ಕೊಡ್ತಾರ, ಅಲ್ಲೆ ಇರ್ತೇವಿ" ಎಂದಳು ಮಾಬೂಬಿ. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು: "ಹಾನಗಲ್ಲು ನೋಡಿಯೇನಪಾ ನೀನು? ಹಾದಿ ಗೊತ್ತಾಗತೈತಿ?"

"ಕೇಳ್ಕೋಂತ ಬರ್ತೇನ್ರಿ" ಎಂದ ಚನ್ನೇಶ.