ಕಣ್ಣೆದುರಿನ ಆಕರ ಗ್ರಂಥದ ಶೋಧಕಾರ್ಯ

ಅರಕಲಗೂಡಿನ ಜ್ಞಾನಸಿಂಚನ ಗ್ರಂಥಾಲಯದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಸಂಬಂಧಿಸಿದ ಆಕರ ಗ್ರಂಥ ಒಂದೇ ಒಂದಿದ್ದು, ಅದು ಬಾಗಿಲ ಎದುರಿನ ಗಾಜಿನ ಬೀರುವಿನಲ್ಲಿ ಎಲ್ಲರಿಗೂ ಕಾಣುವಂತಿದೆ. ಸದರಿ ಗ್ರಂಥ ಇದುವರೆಗೆ ಸಿಕ್ಕಿರುವುದಿಲ್ಲ.

ಕಟ್ಟಾಯದ ಭವ್ಯಶ್ರೀಗೆ ಇದು ಗೊತ್ತಿರಲಿಲ್ಲ. ಗ್ರಂಥಪಾಲಕರ ಹುದ್ದೆಯ ಪರೀಕ್ಷೆ ಹತ್ತಿರ ಬಂದಿತ್ತು. ಹಾಸನವೆಲ್ಲ ಅಲೆದರೂ ಓದಲು ಪುಸ್ತಕ ದಕ್ಕದೆ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಳು. ಬೀರುವಿನತ್ತ ಬೆರಳು ಮಾಡಿ, "ಅದೇ ಪುಸ್ತಕ ಸಾ, ಕೊಡಿ" ಅಂದಳು.

ಗ್ರಂಥಪಾಲಕ ಕಾಂತರಾಜು ಕನ್ನಡಕ ಏರಿಸಿ ನೋಡಿದರು. "ಕಾಣಿಸ್ತದೆ ಕಣವ್ವಾ. ಆದ್ರೆ ಸಿಕ್ಕಿಲ್ಲ."

"ಅಲ್ಲೇ ಐತಲ್ಲ ಸಾ!"

"ಇರೋದು ಬ್ಯಾರೆ, ಸಿಗೋದು ಬ್ಯಾರೆ. ಅದಕ್ಕೆ ವರ್ಗ ಸಂಖ್ಯೆ ಆಕಿಲ್ಲ. ಸಂಖ್ಯೆ ಇಲ್ದಿದ್ದು ರೂಲ್ಸ್ ಪ್ರಕಾರ ಲೈಬ್ರರೀಲೇ ಇಲ್ಲ."

"ಅಂಗಾದ್ರೆ ಆಕಿ ಸಾ."

"ಎಂಗೆ ಆಕೋದು ಅಂತ ಆ ಪುಸ್ತಕದಲ್ಲೇ ಬರ್ದೈತೆ."

ಭವ್ಯಶ್ರೀಗೆ ಅಳು ಬಂತು, ಅದರ ಬೆನ್ನಿಗೇ ರೋಷವೂ ಬಂತು. ಗ್ರಂಥಾಲಯ ಸಮಿತಿಗೆ ದೂರು ಕೊಟ್ಟೇಬಿಟ್ಟಳು. ಸಮಿತಿಯು ದೂರನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿ, ಅಧ್ಯಕ್ಷರೂ ಶುಂಠಿ ವ್ಯಾಪಾರಿಗಳೂ ಆದ ನಂಜಪ್ಪನವರ ನೇತೃತ್ವದಲ್ಲಿ ಆಕರ ಗ್ರಂಥ ಶೋಧ ಅಭಿಯಾನವನ್ನು ಘೋಷಿಸಿತು. ಗೋಡೆಗೆ ಪ್ರಕಟಣೆ ಅಂಟಿತು: "ಶೋಧಕಾರ್ಯಕ್ಕೆ ಅಡಚಣೆಯಾಗುವುದರಿಂದ ಸಾರ್ವಜನಿಕರು ಪುಸ್ತಕವನ್ನು ಬೆರಳು ಮಾಡಿ ತೋರಿಸಕೂಡದು."

ಶೋಧ ತಂಡವು ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ಕಾರಿನಲ್ಲಿ ಹೋಗಿ, ಭರ್ಜರಿ ಬಾಡೂಟ ಮುಗಿಸಿ, ಪುಸ್ತಕ ಅಲ್ಲೆಲ್ಲೂ ಇಲ್ಲವೆಂದು ಖಚಿತಪಡಿಸಿಕೊಂಡು ಬಂತು. ಈ ಪ್ರಗತಿಯನ್ನು ಮೆಚ್ಚಿ ಅಭಿಯಾನದ ಅನುದಾನ ಮುಂದುವರಿಯಿತು, ಶೋಧಾಧಿಕಾರಿಯ ಹುದ್ದೆಯೂ ಮಂಜೂರಾಯಿತು. ಆ ಪುಸ್ತಕ ಹುಡುಕಿದ ಅನುಭವ ಇದ್ದದ್ದು ಒಬ್ಬಳಿಗೇ. ಓದಲು ಏನೂ ಸಿಗದೆ ಪರೀಕ್ಷೆಯಲ್ಲಿ ಸೋತು ಮನೆಯಲ್ಲಿ ಕೂತಿದ್ದ ಭವ್ಯಶ್ರೀಗೆ ನೇಮಕಾತಿ ಆದೇಶ ಬಂತು.

ಕೆಲಸಕ್ಕೆ ಸೇರಿದವಳೇ ಬೀರುವಿನ ಬೀಗದ ಕೈಗೆ ಕೈ ಚಾಚಿದಳು.

"ಧಾರಾಳವಾಗಿ ತಗೀಬೋದು ಕಣಮ್ಮ, ಯಾರು ಬ್ಯಾಡ ಅಂದ್ರು?" ಎಂದರು ನಂಜಪ್ಪ. "ಪುಸ್ತಕ ಸಿಕ್ಬುಟ್ರೆ ಅಭಿಯಾನ ಮುಗೀತದೆ. ಅಭಿಯಾನ ಮುಗುದ್ಮೇಲೆ ಶೋಧಾಧಿಕಾರಿ ಯಾಕೆ ಏಳು?"

ಊರಿನಲ್ಲಿ ಅವಳ ಅವ್ವ ಆಗಲೇ ಮನೆಮನೆಗೂ ಹೋಳಿಗೆ ಹಂಚಿಯಾಗಿತ್ತು. ಭವ್ಯಶ್ರೀ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಒದ್ದೆ ಬಟ್ಟೆ ತಂದು ಬೀರುವಿನ ಗಾಜನ್ನು ಫಳಫಳ ಅನ್ನುವಂತೆ ಒರೆಸಿದಳು.

ಪುಸ್ತಕ ಮೊದಲಿಗಿಂತ ಸ್ಪಷ್ಟವಾಗಿ ಕಾಣತೊಡಗಿತು. ಶೋಧಕಾರ್ಯ ಸರಿಯಾದ ದಿಕ್ಕಿನಲ್ಲಿ ಸಾಗುತ್ತಿದೆ ಎಂದು ಸಮಿತಿ ಸರ್ವಾನುಮತದಿಂದ ಠರಾವು ಮಾಡಿತು.