ಕೆಂಪು ದೀಪಕ್ಕೆ ನಿಂತ ದರೋಡೆ ಕಾರು

ಇಂದ:
ತಮ್ಮ ಅಜ್ಜಿ,
ಡ್ರೈವಿಂಗ್ ಶಾಲೆಯ ನಿವೃತ್ತ ಶಿಕ್ಷಕಿ, ಹಾಲಿ ವಜಾಗೊಂಡ ದರೋಡೆ ಚಾಲಕಿ,
ಅಡುಗೆಮನೆ ಪಕ್ಕದ ಕೋಣೆ.

ಗೆ:
ಮುಖ್ಯಸ್ಥರು (ನನ್ನ ಮೊಮ್ಮಗಳು),
ದರೋಡೆ ತಂಡ, ಟಿವಿ ಕೋಣೆ.

ವಿಷಯ: ಚಾಲಕಿ ಹುದ್ದೆಗೆ ಮರುನೇಮಕ ಕೋರಿ.

ಉಲ್ಲೇಖ:
೧. ಬಾಲ್ಯದಲ್ಲಿ ನನ್ನ ಅಪ್ಪನ ಕಾರಿನೊಳಗೆ ಬರುತ್ತಿದ್ದ, ಬಿಸಿಲಿಗೆ ಕಾದ ಸೀಟು ಮತ್ತು ಪೆಟ್ರೋಲ್ ಬೆರೆತ ವಾಸನೆ. ನನ್ನ ಸ್ಟೀರಿಂಗ್ ಹುಚ್ಚಿಗೆ ಅದೇ ಮೂಲ ದಾಖಲೆ.
೨. "ಇನ್ಮೇಲೆ ನೀನು ಆಡೋಕೆ ಬರ್ಬೇಡ" ಎಂಬ ತಮ್ಮ ನಿನ್ನೆಯ ಮೌಖಿಕ ಆದೇಶ.

ಮಾನ್ಯರೇ,

ನಿನ್ನೆ ಸಂಜೆ ವಿಡಿಯೋ ಗೇಮಿನ ನಗರದಲ್ಲಿ ತಾವು ಬ್ಯಾಂಕ್ ದೋಚಿ ಬಂದು ಕಾರು ಹತ್ತಿದಿರಿ. ಪರಾರಿ ಮಾಡಿಸುವ ಹೊಣೆ ನನ್ನದಾಗಿತ್ತು. ಮೊದಲ ವೃತ್ತದಲ್ಲೇ ಕೆಂಪು ದೀಪ ಬಿದ್ದ ಕಾರಣ ಕಾರು ನಿಲ್ಲಿಸಿದೆನು. ಆಗ ನಡೆದ ಮಾತುಕತೆ ಹೀಗಿದೆ:

"ಅಜ್ಜೀ, ಹೋಗು! ಹಿಂದೆ ಪೊಲೀಸ್!"

"ಕೆಂಪಿದೆಯಲ್ಲೇ ಪುಟ್ಟಿ."

"ನಾವು ಕಳ್ಳರು ಅಜ್ಜಿ!"

"ಕಳ್ಳರಾದ್ರೇನು, ಆ ಮುದುಕಪ್ಪ ರಸ್ತೆ ದಾಟೋದು ಬೇಡ್ವಾ?"

ಮುದುಕಪ್ಪ ದಾಟಿದರು. ತಂಡ ಸಿಕ್ಕಿಬಿತ್ತು. ವಾರವಿಡೀ ಹೂಡಿದ ಸಂಚು ಮಣ್ಣುಪಾಲಾದ ಕಾರಣ ತಾವು ನನ್ನ ಕೈಯಿಂದ ಕಂಟ್ರೋಲರ್ ಕಸಿದುಕೊಂಡಿರಿ, ಆಗಿನಿಂದ ಮಾತೂ ಬಿಟ್ಟಿದ್ದೀರಿ. ಆದ್ದರಿಂದ, ನಾನು ಆ ನಗರವನ್ನು ತಿಳಿಯದವಳಲ್ಲ ಎಂದು ಮನಗಾಣಿಸಲು ಅದರ ಗುಣದೋಷಗಳನ್ನು ಸಲ್ಲಿಸುತ್ತಿದ್ದೇನೆ.

೧. ಸೂರ್ಯಾಸ್ತ ಬಲು ಚೆನ್ನ. ಎಲ್ಲಿ ಸುತ್ತಿದರೂ "ಎಲ್ಲಿಗೆ ಹೊರಟ್ರಿ?" ಎಂದು ಯಾರೂ ಕೇಳುವುದಿಲ್ಲ. ಮಂಡಿ ನೋವಿಲ್ಲದೆ ನಾನು ಬೆಟ್ಟ ಹತ್ತಿದ್ದು ಅಲ್ಲಿಯೇ.

೨. ಪೊಲೀಸರು ಚುರುಕು, ಆದರೆ ಮರೆವು ಜಾಸ್ತಿ. ಪೊದೆಯ ಹಿಂದೆ ಸ್ವಲ್ಪ ಹೊತ್ತು ಕೂತರೆ ಕೊಲೆಯನ್ನೂ ಮರೆಯುತ್ತಾರೆ. ತಾವು ಒಂದು ಸಿಗ್ನಲ್ಲನ್ನು ಇನ್ನೂ ಮರೆತಿಲ್ಲ.

೩. ಹೊಡೆಯಲು ಬಟನ್ ಇದೆ, ಒದೆಯಲು ಇದೆ, ತಪ್ಪಾಯಿತು ಎನ್ನಲು ಇಲ್ಲ. ಯಾರಿಗೋ ಕಾರು ತಾಗಿದಾಗ ಕ್ಷಮೆ ಕೇಳೋಣವೆಂದು ಎಲ್ಲವನ್ನೂ ಒತ್ತಿ ನೋಡಿದೆ. ಬಾಂಬ್ ಬಿತ್ತು.

೪. ಇಡೀ ನಗರದಲ್ಲಿ ಇಂಡಿಕೇಟರ್ ಹಾಕುವವಳು ನಾನೊಬ್ಬಳೇ.

ನನ್ನ ಹುದ್ದೆ ಪಕ್ಕದ ಮನೆಯ ಹುಡುಗಿಗೆ ಹೋಗಲಿದೆಯೆಂದು ತಿಳಿದುಬಂದಿದೆ. ಆಕೆ ಕಾರನ್ನು ಗಾಳಿಯಂತೆ ಓಡಿಸುತ್ತಾಳೆ, ಒಪ್ಪುತ್ತೇನೆ. ಆದರೆ ತಾವು ನನ್ನೊಡನೆ ನಾಲ್ಕು ಮಾತಾಡುವುದು ಟಿವಿ ಕೋಣೆಯ ಆ ಸೋಫಾದ ಮೇಲೆ ಆಡುವಾಗ ಮಾತ್ರ. ಆಟಕ್ಕೆ ಮುನ್ನ, ಕೇಳದೆಯೇ, ನನ್ನ ಬೆನ್ನಿಗೆ ದಿಂಬು ಇಡುತ್ತೀರಿ. ನನಗೆ ಬ್ಯಾಂಕ್ ಬೇಡ, ಆ ಜಾಗ ಬೇಕು.

ಆದಕಾರಣ, ಇನ್ನು ಮುಂದೆ ದರೋಡೆಯ ವೇಳೆ ಕೆಂಪು ದೀಪ ದಾಟಲು ಒಪ್ಪಿರುತ್ತೇನೆ. ಜನ ದಾಟುತ್ತಿದ್ದರೆ ಮಾತ್ರ ನಿಲ್ಲಿಸುತ್ತೇನೆ. ಈ ಷರತ್ತಿನಲ್ಲಿ ಬದಲಾವಣೆ ಇಲ್ಲ.

ತಮ್ಮ ವಿಶ್ವಾಸಿ, ತಮಗೆ ಸೈಕಲ್ ಕಲಿಸಿದವಳು,
ಅಜ್ಜಿ

ಲಗತ್ತುಗಳು:
೧. ಅವಧಿ ಮುಗಿದ ಚಾಲನಾ ಪರವಾನಗಿ.
೨. ಶಾಲು (ಸೋಫಾದ ಮೇಲೆ ಬೇಕೆಂತಲೇ ಬಿಟ್ಟುಬಂದದ್ದು).

ಷರಾ: ಸಹಿ ಹಾಕುವಷ್ಟರಲ್ಲಿ ಮುಖ್ಯಸ್ಥರು ಖುದ್ದಾಗಿ ಬಂದು, ನನ್ನ ಭುಜದ ಮೇಲಿಂದ ಅರ್ಜಿ ಓದಿ, ಅಡುಗೆಮನೆಗೆ ಹೋಗಿ, ಬಿಸಿ ಊಟದ ತಟ್ಟೆಯನ್ನು ತಂದು ಕೈಗಿತ್ತಿರುತ್ತಾರೆ. ಇದನ್ನು ಇಲ್ಲಿಯೇ ಉಣ್ಣತಕ್ಕದ್ದೋ, ಸೋಫಾದ ಮೇಲೋ ಎಂಬ ಬಗ್ಗೆ, ಆರುವ ಮುನ್ನ ಆದೇಶವಾಗಬೇಕಾಗಿ ವಿನಂತಿ.