ದವಾಖಾನೆಯ ಟ್ರೇಗೆ ಹೆಸರು

ಮಾರ್ಕರಿನ ಮೈಮೇಲೆ ‘ಪರ್ಮನೆಂಟ್’ ಎಂದು ಬರೆದಿತ್ತು. ವಾಸೀಮ್ ಅದನ್ನು ನಂಬಿದ. ತೊಂದರೆ ಶುರುವಾದದ್ದೇ ಅಲ್ಲಿಂದ.

ಯರಗಟ್ಟಿ ರಸ್ತೆಯ ಊರೊಂದರ ಸರಕಾರಿ ದವಾಖಾನೆಯಲ್ಲಿ ಅವನು ಔಷಧಿ ಕೊಡುವವನು. ಸ್ಟೋರಿನ ಸಾಮಾನೂ ಅವನ ತಾಬೆಯಲ್ಲೇ ಇತ್ತು. ಎರಡು ವರ್ಷ ಕಾಡಿ ಬೇಡಿ ಬೈಲಹೊಂಗಲಕ್ಕೆ ವರ್ಗ ಮಾಡಿಸಿಕೊಂಡಿದ್ದ. ಹೆಂಡತಿ ತಬಸ್ಸುಮ್ ಎಂಟು ತಿಂಗಳ ಕೂಸಿನೊಂದಿಗೆ ಅಲ್ಲಿದ್ದಳು. ವಾರಕ್ಕೊಮ್ಮೆ ಮುಖ ತೋರಿಸುವ ಅಪ್ಪನನ್ನು ಕಂಡರೆ ಆ ಕೂಸು, ಸೂಜಿ ಚುಚ್ಚುವವನು ಬಂದನೆಂಬಂತೆ ಅಳುತ್ತಿತ್ತು. ಇವತ್ತು ನಾಲ್ಕಕ್ಕೆ ತಾಲೂಕಿನ ಸಾಹೇಬ ವಿರೂಪಾಕ್ಷ ಅವರು ಸಾಮಾನು ನೋಡಬೇಕು, ಹೊಸದಾಗಿ ಬಂದ ಸುಭಾಸ ಸಹಿ ಹಾಕಿ ವಹಿಸಿಕೊಳ್ಳಬೇಕು, ವಾಸೀಮ್ ಐದರ ಬಸ್ಸು ಹತ್ತಬೇಕು. ಸಾಹೇಬರದು ಒಂದೇ ಷರತ್ತು: ಪ್ರತಿ ಸ್ಟೀಲ್ ಟ್ರೇಯ ಮೇಲೂ ಅದು ಯಾವ ಕೋಣೆಯದೆಂದು ಅಳಿಸದಂತೆ ಬರೆದಿರಬೇಕು.

ನಿನ್ನೆಯೇ ನಲವತ್ತು ಟ್ರೇಗಳ ಮೇಲೆ ದುಂಡಗೆ ಬರೆದಿಟ್ಟಿದ್ದ. ಬೆಳಿಗ್ಗೆ ಬಂದು ನೋಡಿದರೆ ಒಂದು ಅಕ್ಷರವೂ ಇಲ್ಲ, ಟ್ರೇಗಳು ಕನ್ನಡಿಯಂತೆ ಹೊಳೆಯುತ್ತಿವೆ. ಪಕ್ಕದಲ್ಲಿ ಕಸಗುಡಿಸುವ ಕೆಂಚವ್ವ ಹೆಮ್ಮೆಯಿಂದ ನಿಂತಿದ್ದಳು.

“ಸಾಹೇಬ್ರು ಬರ್ತಾರಂತ ಸ್ಪಿರಿಟ್ ಹಚ್ಚಿ ಕರೀ ಕಲೆ ಎಲ್ಲಾ ತಗದೇನ್ರಿ” ಎಂದಳು.

ವಾಸೀಮ್ ಮಾರ್ಕರಿನ ಮುಚ್ಚಳ ತೆಗೆದ. ಮತ್ತೆ ಕೂತು ಬರೆದ. ಹನ್ನೊಂದಕ್ಕೆ ನರ್ಸ್ ನೀಲಾ ಟ್ರೇಗಳನ್ನು ಒಯ್ದು, ನಿಯಮದಂತೆ ತಾನೂ ಸ್ಪಿರಿಟ್ಟಿನಿಂದ ಒರೆಸಿದಳು. ‘ಹೆರಿಗೆ ಕೋಣೆ’ಯ ‘ಹೆ’ ಕೂಡ ಉಳಿಯಲಿಲ್ಲ. ಅವಳೇ ಕನಿಕರಪಟ್ಟು ಬಿಳಿ ಪಟ್ಟಿ ಅಂಟಿಸಿ ಬರೆಯಲು ಹೇಳಿದಳು. ಆದರೆ ಕ್ರಿಮಿ ಸಾಯಿಸಲೆಂದು ಟ್ರೇಗಳು ಕುದಿಯುವ ನೀರಿಗೆ ಬಿದ್ದದ್ದೇ ತಡ, ಪಟ್ಟಿಗಳೆಲ್ಲ ಬಿಚ್ಚಿಕೊಂಡು ತೇಲಿದವು. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ ದುಂಡಪ್ಪಜ್ಜ ಇದನ್ನೆಲ್ಲ ನೋಡುತ್ತಲೇ ಇದ್ದ. ತನ್ನ ಮದುವೆಯ ಭಾಂಡೆಗಳ ಮೇಲಿನ ಹೆಸರು ನಲವತ್ತು ವರ್ಷ ಬೂದಿಯಲ್ಲಿ ತಿಕ್ಕಿದರೂ ಹೋಗಿಲ್ಲವೆಂದ. ಬಾಜಾರದಲ್ಲಿ ಭಾಂಡೆ ಅಂಗಡಿಯ ಮುಂದೆ ಕೂತು ಪಾತ್ರೆಗಳಿಗೆ ಹೆಸರು ಕೊರೆಯುವ ರಹಿಮಾನಸಾಬನನ್ನು ಕರೆಸು ಎಂದ. ವಾಸೀಮನಿಗೆ ಹೋದ ಜೀವ ಬಂದಂತಾಯಿತು.

ರಹಿಮಾನಸಾಬ ಯಂತ್ರದೊಂದಿಗೆ ಬಂದು ವರಾಂಡದಲ್ಲಿ ಕೂತ. ಅಷ್ಟರಲ್ಲಿ ಔಷಧಿ ಕಿಟಕಿಯ ಮುಂದೆ ಐವತ್ತು ಜನರ ಸಾಲು. ವಾಸೀಮ್, ಯಾವ ಟ್ರೇ ಯಾವ ಕೋಣೆಯದೆಂದು ಬರೆದಿದ್ದ ಸಾಮಾನಿನ ಯಾದಿಯನ್ನೇ ಅವನ ಕೈಗಿಟ್ಟು, ಎಲ್ಲ ಅದರಲ್ಲಿದೆ ಎಂದು ಹೇಳಿ ಓಡಿದ. ಗುಳಿಗೆ ಎಣಿಸುತ್ತಲೇ ಯಂತ್ರದ ಗುರ್ರೆನ್ನುವ ಸದ್ದು ಕೇಳಿಸಿಕೊಂಡ. ಸದ್ಯಕ್ಕೆ ಅದಕ್ಕಿಂತ ಇಂಪಾದ ಸದ್ದು ಅವನಿಗೆ ಬೇರೆ ಇರಲಿಲ್ಲ.

ಸಾಹೇಬರು ಬಂದಾಗ ಕೊನೆಯ ಟ್ರೇ ಮುಗಿದಿತ್ತು. ಅವರು ಒಂದನ್ನೆತ್ತಿ ಸ್ಪಿರಿಟ್ ಹಚ್ಚಿ ಉಜ್ಜಿದರು. ಅಕ್ಷರ ಅಲುಗಲಿಲ್ಲ. “ಛಲೋ ಕೆಲಸ ಮಾಡೀರಿ” ಎಂದು ತಲೆದೂಗಿ, ಕನ್ನಡಕ ಏರಿಸಿ ಓದಿದರು. ಅವರ ಹುಬ್ಬು ಗಂಟಿಕ್ಕಿದ್ದನ್ನು ಕಂಡು ವಾಸೀಮನೂ ಬಗ್ಗಿ ನೋಡಿದ. ನಲವತ್ತು ಟ್ರೇಗಳ ಮೇಲೂ, ಎರಡೂ ಬದಿಗೆ ಹೂಬಳ್ಳಿಯ ನಡುವೆ, ಒಂದೇ ಹೆಸರು: ವಾಸೀಮ್.

“ಚಾಚಾ, ಕೋಣಿ ಹೆಸರು ಬರದಿದ್ದೆನಲ್ರಿ?” ಎಂದ ವಾಸೀಮ್.

“ಪಾತ್ರಿ ಮ್ಯಾಲೆ ಕೋಣಿ ಹೆಸರು ಯಾರು ಹಾಕ್ತಾರ್ರಿ? ಮಾಲಕನ ಹೆಸರು ಹಾಕೂದು. ಯಾದಿ ಮ್ಯಾಲೇ ನಿಮ್ಮ ಹೆಸರಿತ್ತಲ್ರಿ. ಹೂಬಳ್ಳಿ ನನ್ನ ಕಡೆಯಿಂದ” ಎಂದ ರಹಿಮಾನಸಾಬ.

ಸುಭಾಸ ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದ. ಇನ್ನೊಬ್ಬರ ಹೆಸರಿನ ಸಾಮಾನಿಗೆ ತಾನು ಸಹಿ ಹಾಕುವುದಿಲ್ಲವೆಂದ. ಸಾಹೇಬರಿಗೂ ಅದು ಸರಿ ಕಂಡಿತು. ಈ ಟ್ರೇಗಳು ಸವೆದು ಯಾದಿಯಿಂದ ಹೋಗುವತನಕ ವಾಸೀಮನೇ ಇಲ್ಲಿರಲಿ, ಬೈಲಹೊಂಗಲಕ್ಕೆ ಸುಭಾಸ ಹೋಗಲಿ ಎಂದು ಅಲ್ಲೇ ಬರೆದು ಜೀಪು ಹತ್ತಿದರು. ಐದರ ಬಸ್ಸಿಗೆ ಸುಭಾಸ ಹೋದ.

ವಾಸೀಮ್ ಟ್ರೇಗಳ ನಡುವೆ ಕೂತ. ತಬಸ್ಸುಮಳ ಕರೆ ಬಂದು ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಯಂತ್ರ ಕಟ್ಟುತ್ತಿದ್ದ ರಹಿಮಾನಸಾಬನಿಗೆ ಅವನ ಮುಖ ನೋಡಿ ಪಾಪ ಅನ್ನಿಸಿತು.

“ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ಸ್ಟೀಲು ಭಾಳ ಗಟ್ಟಿ ಐತಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸವೆಯಂಗಿಲ್ಲ.”